ಅಲುಗಾಡದ ಕೋಲು, ಅಪ್ಪನ ರೂಲು



ಊರಿಂದ ವಾಪಸ್ ಹೊರಡುವ ದಿನ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಡೆಯುವ ನಾಟಕ ನಿಮಗೆಲ್ಲ ಗೊತ್ತೇ ಇದೆ. ಸೂಟ್‌ಕೇಸ್ ಒಂದಕ್ಕೆ 23 ಕೆಜಿ ಮಿತಿ, ತಕ್ಕಡಿ ತೋರಿಸುತ್ತಿರುವುದು 26. ಸರದಿಯಲ್ಲಿ ನಿಂತವರೆಲ್ಲ ನೋಡುತ್ತಿರುವಾಗಲೇ ನಾವು ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದೆವು. ಚಟ್ನಿಪುಡಿ ಇರಲಿ, ಸಂಡಿಗೆ ಇರಲಿ, ಹಾಗಾದರೆ ತೆಗೆಯುವುದು ಯಾವುದನ್ನು? ಆಗ ನಮ್ಮ ಹನ್ನೊಂದು ವರ್ಷದ ಮಗರಾಯ ಗಂಭೀರವಾಗಿ ಹೇಳಿದ: "ಅಪ್ಪಾ, ಬ್ಯಾಗ್ ಆಫ್ ಹೋಲ್ಡಿಂಗ್ ಇದ್ದಿದ್ರೆ ಈ ತೊಂದರೇನೇ ಇರ್ತಿರ್ಲಿಲ್ಲ."

ಅದೊಂದು ಮಾಯಾಚೀಲ. ಒಳಗೆ 500 ಪೌಂಡ್ ಸಾಮಾನು, 64 ಘನ ಅಡಿಯಷ್ಟು ಜಾಗ. 2014ರ ಪುಸ್ತಕದ ಪ್ರಕಾರ, ಎಷ್ಟೇ ತುಂಬಿದರೂ ಚೀಲದ ತೂಕ ಮಾತ್ರ 15 ಪೌಂಡ್. ನನ್ನ ಹೆಂಡತಿ ಕೇಳಿದಳು, "ಚೀಲ ಹರಿದ್ರೆ?" ಮಗ ಹೇಳಿದ, "ಒಳಗಿರೋದೆಲ್ಲ ಇನ್ನೊಂದು ಲೋಕಕ್ಕೆ ಚೆಲ್ಲಿ ಹೋಗತ್ತೆ." "ಹಾಗಾದ್ರೆ ಬೇಡಪ್ಪ, ಉಪ್ಪಿನಕಾಯಿ ಹೋಗತ್ತೆ" ಎಂದು ಅವಳು ಮೂರು ಕೆಜಿ ಹುರಿಹಿಟ್ಟನ್ನು ಮಾವನವರ ಕೈಗೆ ವಾಪಸ್ ಕೊಟ್ಟಳು.

ಇದನ್ನು ಯಾಕೆ ಹೇಳಿದೆ ಎಂದರೆ, ಇವತ್ತಿನ ಬರಹ ಇಂಥ ಮಾಯಾವಸ್ತುಗಳ ನಿಯಮ ಓದುವ ಕಷ್ಟದ ಬಗ್ಗೆ. ಇಂಥದೇ ಒಂದು ವಸ್ತುವಿನಿಂದಾಗಿ ನಮ್ಮ ಮನೆಯಲ್ಲಿ ಅಪ್ಪ-ಮಗ ಒಂದು ರಾತ್ರಿ ಮಾತು ಬಿಟ್ಟಿದ್ದೆವು, ಅದರ ಬಗ್ಗೆಯೂ.

ಮೊದಲು, ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎನ್ನುವ ಈ ಆಟವನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದರು. ಇದು ಕಂಪ್ಯೂಟರ್ ಆಟವಲ್ಲ, ಮೇಜಿನ ಸುತ್ತ ಕೂತು ಆಡುವಂಥದ್ದು. ನಮ್ಮ ಕರಾವಳಿ ಕಡೆಯವರಿಗೆ ತಾಳಮದ್ದಳೆ ಎಂದರೆ ಬೇಗ ಅರ್ಥವಾದೀತು. ವೇಷವಿಲ್ಲ, ರಂಗಸ್ಥಳವಿಲ್ಲ. ಒಬ್ಬೊಬ್ಬರದು ಒಂದೊಂದು ಪಾತ್ರ, ಕೂತಲ್ಲೇ ಮಾತು. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್ ಇರುತ್ತಾನೆ. ಕಥೆ ನಡೆಸುವವನೂ ಅವನೇ, ನಿಯಮಕ್ಕೆ ಅರ್ಥ ಹೇಳುವವನೂ ಅವನೇ. ಏನಾಗುತ್ತದೋ ಅನುಮಾನ ಎನ್ನುವ ಕಡೆ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ದಾಳ ಎಂದೊಡನೆ ನಮ್ಮಮ್ಮ ಮೊದಲ ದಿನವೇ ಹೇಳಿಬಿಟ್ಟರು: "ದಾಳ ಉರುಳಿಸಿ ಧರ್ಮರಾಯ ಏನಾದ ಅಂತ ಗೊತ್ತಿಲ್ವೇನೋ ನಿಂಗೆ?" ದುಡ್ಡು ಕಟ್ಟುವುದಿಲ್ಲ ಎಂದು ಆಣೆ ಮಾಡಿದ ಮೇಲೆ ಸುಮ್ಮನಾದರು.

ನಾನು ಈ ಆಟ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಆಫೀಸಿನ ಅಮೆರಿಕನ್ ಗೆಳೆಯರಿಂದ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾವು ಆಡಿದ್ದು ಇಸ್ಪೀಟು, ಕೇರಂ ಅಷ್ಟೆ. ಆ ಹಾಸ್ಟೆಲಿನ ನಾವು ಮೂವರು ಗೆಳೆಯರು ಈಗ ಟೆಕ್ಸಾಸಿನಲ್ಲೇ ಇದ್ದೇವೆ. ನಾನು ಡಲ್ಲಾಸ್, ಒಬ್ಬ ಹ್ಯೂಸ್ಟನ್, ಇನ್ನೊಬ್ಬ ಆಸ್ಟಿನ್. ಯುಗಾದಿಗೋ ಬೇಸಿಗೆ ರಜೆಗೋ ಥ್ಯಾಂಕ್ಸ್‌ಗಿವಿಂಗ್‌ಗೋ ಒಬ್ಬರ ಮನೆಯಲ್ಲಿ ಸೇರುತ್ತೇವೆ. ದಾರಿಯುದ್ದಕ್ಕೂ ಬಕೀಸ್‌ನಲ್ಲಿ ಕಾಫಿ, ತಲುಪಿದ ಮೇಲೆ ಬಿಸಿಬೇಳೆಬಾತು, ಆಮೇಲೆ ಮಕ್ಕಳ ಆಟ. ಮಕ್ಕಳು ಐವರು, ಡಂಜನ್ ಮಾಸ್ಟರ್ ನಾನು. ನಮ್ಮ ಮಕ್ಕಳು ಅರ್ಧ ದಿನ ಫೋನ್ ಮುಟ್ಟದೆ, ಕನ್ನಡ-ಇಂಗ್ಲಿಷ್ ಬೆರೆಸಿ ಒಬ್ಬರಿಗೊಬ್ಬರು ಮಾತಾಡುತ್ತಾ ಕೂರುವುದು ಈ ಮೇಜಿನ ಸುತ್ತ ಮಾತ್ರ. ಹಾಗಾಗಿ ಈ ಆಟ ನಮಗೆ ಬರೀ ಆಟವಲ್ಲ.

ಮಕ್ಕಳಿಗೆ ಎಲ್ಲಕ್ಕಿಂತ ಪ್ರೀತಿ ಮಾಯಾವಸ್ತುಗಳ ಮೇಲೆ. ಪುಸ್ತಕದಲ್ಲಿ ಒಂದೊಂದು ವಸ್ತುವಿಗೂ ನಾಲ್ಕಾರು ಸಾಲಿನ ವಿವರಣೆ ಇರುತ್ತದೆ. ಆ ಸಾಲುಗಳೇ ಅದರ ಕಾನೂನು. ಕೆಲವು ಎಷ್ಟು ಚೆನ್ನಾಗಿ ಬರೆದಿವೆಯೆಂದರೆ ಜಗಳಕ್ಕೆ ಜಾಗವೇ ಇಲ್ಲ. ಬೆಂಕಿಯುಂಡೆ ಎಸೆಯುವ ಒಂದು ಮಂತ್ರದಂಡವಿದೆ. 2014ರ ಪುಸ್ತಕದ ಪ್ರಕಾರ ಅದರ ಶಕ್ತಿ ಏಳು ಎಣಿಕೆ. ಬಳಸಿದಷ್ಟು ಕಡಿಮೆಯಾಗುತ್ತದೆ, ಪ್ರತಿದಿನ ಸೂರ್ಯೋದಯಕ್ಕೆ ಒಂದಿಷ್ಟು ವಾಪಸ್ ತುಂಬಿಕೊಳ್ಳುತ್ತದೆ. ಕೊನೆಯ ಎಣಿಕೆಯನ್ನೂ ಖರ್ಚು ಮಾಡಿದರೆ ದಾಳ ಹಾಕಬೇಕು, ಒಂದು ಬಿದ್ದರೆ ದಂಡ ಬೂದಿ. ಮಾಯಾಚೀಲದಲ್ಲಿ ಉಸಿರಾಡುವ ಪ್ರಾಣಿ ಎಷ್ಟು ಹೊತ್ತು ಬದುಕುತ್ತದೆ ಎನ್ನುವುದಕ್ಕೂ ಲೆಕ್ಕವಿದೆ: ಹತ್ತು ನಿಮಿಷವನ್ನು ಒಳಗಿರುವವರ ಸಂಖ್ಯೆಯಿಂದ ಭಾಗಿಸಿ. ನಾಲ್ವರು ಹೊಕ್ಕರೆ ಎರಡೂವರೆ ನಿಮಿಷ. ನಮ್ಮ ಮಕ್ಕಳಿಗೆ ಭಾಗಾಕಾರ ಬಂದದ್ದೇ ಹೀಗೆ ಎಂದರೆ ತಪ್ಪಾಗದು!

ಹೊಸಬರಿಗೆ ಎರಡು ಮಾತು ಕಲಿಸಿದರೆ ಮುಕ್ಕಾಲು ಜಗಳ ಕಡಿಮೆಯಾಗುತ್ತದೆ. ಒಂದು, ವಸ್ತು ತನ್ನ ವಿವರಣೆಯಲ್ಲಿ ಬರೆದಿರುವುದನ್ನು ಮಾಡುತ್ತದೆ, ಅದಕ್ಕಿಂತ ಹೆಚ್ಚು ಮಾಡುವುದಿಲ್ಲ. ಬೆಂಕಿಯ ದಂಡದಿಂದ ಅನ್ನ ಬೇಯಿಸುತ್ತೇನೆ ಎಂದರೆ ಅಕ್ಕಿಯ ಜೊತೆ ಅಡುಗೆಮನೆಯೂ ಹೋಗುತ್ತದೆ. ಎರಡು, ಸಾಮಾನ್ಯ ನಿಯಮ ಒಂದು ಹೇಳಿ, ವಸ್ತುವಿನ ವಿಶೇಷ ನಿಯಮ ಇನ್ನೊಂದು ಹೇಳಿದರೆ, ವಿಶೇಷವೇ ಗೆಲ್ಲುತ್ತದೆ. ವ್ಯಾಕರಣ ಓದಿದವರು ಇದನ್ನೇ ಉತ್ಸರ್ಗ, ಅಪವಾದ ಎನ್ನುತ್ತಾರೆ.

ಇಷ್ಟಾದರೂ ಪುಸ್ತಕ ಮೌನವಾಗಿರುವ ಜಾಗಗಳು ಉಳಿಯುತ್ತವೆ. ನಾನು ಎಡವಿದ್ದು ಅಂಥ ಜಾಗದಲ್ಲಿ.

ಇಮ್ಮೂವಬಲ್ ರಾಡ್ ಎಂಬ ಒಂದು ವಸ್ತುವಿದೆ. ನಾವು ಅದನ್ನು ಅಲುಗಾಡದ ಕೋಲು ಎನ್ನುತ್ತೇವೆ. ಚಪ್ಪಟೆಯಾದ ಕಬ್ಬಿಣದ ಕೋಲು, ಒಂದು ತುದಿಯಲ್ಲಿ ಗುಂಡಿ. ಗುಂಡಿ ಒತ್ತಿದರೆ ಕೋಲು ಇದ್ದಲ್ಲೇ ನಿಂತುಬಿಡುತ್ತದೆ, ಗಾಳಿಯಲ್ಲಿ ಹಿಡಿದಿದ್ದರೂ ಬೀಳುವುದಿಲ್ಲ. ಮತ್ತೆ ಗುಂಡಿ ಒತ್ತುವವರೆಗೂ ಅಲುಗಾಡದು. 8,000 ಪೌಂಡ್ ಭಾರ ತಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಶಕ್ತಿ ಬಿಟ್ಟು ಬಿದ್ದುಹೋಗುತ್ತದೆ. 8,000 ಪೌಂಡ್ ಎಂದರೆ ಸುಮಾರು 3,600 ಕೆಜಿ, ಒಂದು ಆನೆಯಷ್ಟು ಎನ್ನಿ.

ಕಳೆದ ವರ್ಷ ಯುಗಾದಿಗೆ ಹ್ಯೂಸ್ಟನ್‌ನಲ್ಲಿ ಸೇರಿದ್ದಾಗ ಈ ಕೋಲು ಗೆಳೆಯನ ಮಗಳ ಪಾತ್ರದ ಕೈಯಲ್ಲಿತ್ತು. ಕಳ್ಳರು ಅವಳನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಓಡುತ್ತಿದ್ದರು. ಅವಳು ಗಾಡಿಯ ಅಡ್ಡಪಟ್ಟಿಯ ಮುಂದೆ ಕೋಲು ಹಿಡಿದು ಗುಂಡಿ ಒತ್ತಿದಳು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ: "ಕೋಲು ನೆಲಕ್ಕೆ ಹೋಲಿಸಿದರೆ ಸ್ಥಿರ. ಗಾಡಿ ಬಂದು ಅದಕ್ಕೆ ಬಡಿಯಿತು. ಪಟ್ಟಿ ಮುರಿಯಿತು, ಕಳ್ಳರೆಲ್ಲ ಮಣ್ಣುಮುಕ್ಕಿದರು!" ಮೇಜಿನ ಸುತ್ತ ಕೇಕೆ. ಆ ಹುಡುಗಿ ಇಡೀ ದಿನ ಝಾನ್ಸಿರಾಣಿಯ ಹಾಗೆ ಓಡಾಡಿದಳು.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಎಲ್ಲರೂ ನಮ್ಮ ಮನೆಗೆ ಬಂದರು. ಎರಡು ವಾರ ರಾತ್ರಿ ಕೂತು ನಾನೊಂದು ದ್ವೀಪ ತಯಾರು ಮಾಡಿದ್ದೆ. ಗುಹೆ, ಹಾಳು ದೇವಸ್ಥಾನ, ಬಣ್ಣ ಹಾಕಿದ ನಕ್ಷೆ ಎಲ್ಲ ಇತ್ತು. ಮಕ್ಕಳು ವೇಷ ಮರೆಸಿಕೊಂಡು ಕಡಲ್ಗಳ್ಳರ ಹಡಗು ಹತ್ತಬೇಕು, ಹಡಗು ದ್ವೀಪಕ್ಕೆ ಹೋಗಬೇಕು. ಅಷ್ಟೇ ನನಗೆ ಬೇಕಿದ್ದದ್ದು. ಈಗ ಕೋಲು ನನ್ನ ಮಗನ ಪಾತ್ರದ ಹತ್ತಿರ ಇತ್ತು. ಹಡಗು ಬಂದರು ಬಿಡುತ್ತಿದ್ದಂತೆ ಅವನೆಂದ: "ಕೂವೆಮರದ ಮುಂದೆ ಕೋಲು ಹಿಡಿದು ಗುಂಡಿ ಒತ್ತುತೀನಿ. ಹಡಗು ಇಲ್ಲೇ ನಿಲ್ಲತ್ತೆ, ಬಂದರಿನ ಕಾವಲಿನವರು ಬಂದು ಕಳ್ಳರನ್ನ ಹಿಡೀತಾರೆ."

ನನ್ನ ಎದೆ ಧಸಕ್ ಎಂದಿತು. ಹಡಗು ನಿಂತರೆ ದ್ವೀಪ? ಎರಡು ವಾರದ ನಿದ್ದೆ? ಬಾಯಿಂದ ಬಂದದ್ದು ಹೀಗೆ: "ಇಲ್ಲ. ಕೋಲು ಹಡಗಿಗೆ ಹೋಲಿಸಿದರೆ ಸ್ಥಿರ. ಹಡಗಿನ ಜೊತೆಗೇ ಹೋಗತ್ತೆ."

"ಅಪ್ಪಾ, ಗಾಡೀಲಿ ನೆಲಕ್ಕೆ ಅಂದಿದ್ರಿ."

"ಗಾಡಿ ಬೇರೆ, ಹಡಗು ಬೇರೆ."

"ಯಾಕೆ ಬೇರೆ?"

"ಡಂಜನ್ ಮಾಸ್ಟರ್ ಯಾರು? ನಾನು. ಮುಂದೆ ನಡಿ."

ಅವನು ಕೂಗಾಡಲಿಲ್ಲ. ದಾಳವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಮನೆಗೆ ಬಂದವರಿಗೆ ಒಂದು ರೂಲು, ನನಗೆ ಒಂದು ರೂಲು" ಎಂದು ಹೇಳಿ ಮಹಡಿ ಹತ್ತಿ ಹೋದ. ಉಳಿದ ನಾಲ್ಕು ಮಕ್ಕಳು ನನ್ನ ಮುಖ ನೋಡಿದರು. ನಾನು ಅತಿಥಿಗಳ ಮುಂದೆ ಎಲ್ಲ ಅಪ್ಪಂದಿರೂ ನಗುವ ನಗೆ ನಕ್ಕು, "ಹಠ ಜಾಸ್ತಿ ಅವನಿಗೆ" ಎಂದೆ. ಆಟ ಅಲ್ಲಿಗೆ ನಿಂತಿತು.

ರಾತ್ರಿ ಮಕ್ಕಳು ಮಲಗಿದ ಮೇಲೆ ದೊಡ್ಡವರೆಲ್ಲ ಅಡುಗೆಮನೆಯಲ್ಲಿ ಸೇರಿದೆವು. ಹ್ಯೂಸ್ಟನ್ ಗೆಳೆಯ ನಗುತ್ತಾ ಹೇಳಿದ: "ಮಗಾ, ಅಲುಗಾಡದು ಅಂದ್ರೆ ಯಾವುದಕ್ಕೆ ಹೋಲಿಸಿ? ಭೂಮಿ ತಿರುಗ್ತಾ ಇದೆ. ಹ್ಯೂಸ್ಟನ್ ಇರೋ ಅಕ್ಷಾಂಶದಲ್ಲಿ ನೆಲದ ವೇಗ ಗಂಟೆಗೆ ಸುಮಾರು 1,450 ಕಿಲೋಮೀಟರ್. ನಿನ್ನ ಕೋಲು ನಿಜವಾಗ್ಲೂ ಅಲುಗಾಡದೆ ನಿಂತ್ರೆ, ಗುಂಡಿ ಒತ್ತಿದ ಕ್ಷಣಕ್ಕೆ ಗೋಡೆ ಒಡೆದುಕೊಂಡು ಪಶ್ಚಿಮಕ್ಕೆ ಹಾರಿಹೋಗ್ಬೇಕು." ಪ್ರಥಮ ವರ್ಷದ ಭೌತಶಾಸ್ತ್ರ! ಹೌದು, ಯಾವುದಾದರೊಂದಕ್ಕೆ ಹೋಲಿಸದೆ ಸ್ಥಿರ ಎನ್ನುವ ಮಾತಿಗೆ ಅರ್ಥವೇ ಇಲ್ಲ. ಪುಸ್ತಕ ಅದನ್ನು ಹೇಳಿಲ್ಲ. ನೆಲ ಎಂದುಕೊಂಡರೂ ಸರಿ, ಹತ್ತಿದ ವಾಹನ ಎಂದುಕೊಂಡರೂ ಸರಿ. ನನಗೆ ಕೊಂಚ ಧೈರ್ಯ ಬಂತು. "ನೋಡಿದ್ಯಾ, ನಾನು ಹೇಳಿದ್ದೂ ತಪ್ಪಲ್ಲ" ಎಂದೆ.

ಆಸ್ಟಿನ್ ಗೆಳೆಯನ ಹೆಂಡತಿ ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಅವರು ತಮ್ಮ ಊರಿನದೇ ಒಂದು ಮೊಕದ್ದಮೆ ನೆನಪಿಸಿದರು. ಆಸ್ಟಿನ್‌ನಲ್ಲಿ ಸ್ಟೀವ್ ಜಾಕ್ಸನ್ ಗೇಮ್ಸ್ ಎಂಬ ಕಂಪನಿಯಿದೆ, ನಮ್ಮ ಮಕ್ಕಳು ಆಡುವ ಮಂಚ್‌ಕಿನ್ ಇಸ್ಪೀಟು ಅವರದೇ. 1990ರ ಮಾರ್ಚ್ 1ರಂದು ಅಮೆರಿಕದ ಸೀಕ್ರೆಟ್ ಸರ್ವಿಸ್ ಅವರ ಕಚೇರಿಗೆ ದಾಳಿ ಇಟ್ಟು ಕಂಪ್ಯೂಟರುಗಳನ್ನೂ, ಅಚ್ಚಿಗೆ ಸಿದ್ಧವಾಗುತ್ತಿದ್ದ ಒಂದು ಆಟದ ಪುಸ್ತಕದ ಕರಡನ್ನೂ ಹೊತ್ತೊಯ್ಯಿತು. ಕಂಪನಿ ನ್ಯಾಯಾಲಯಕ್ಕೆ ಹೋಗಿ 1993ರಲ್ಲಿ ಗೆದ್ದು, ಸುಮಾರು 50 ಸಾವಿರ ಡಾಲರ್ ಪರಿಹಾರವನ್ನೂ ವಕೀಲರ ಖರ್ಚನ್ನೂ ಪಡೆಯಿತು. ಆದರೆ ಒಂದು ಪ್ರಶ್ನೆ ಮೇಲಿನ ಕೋರ್ಟಿಗೆ ಹೋಯಿತು. ಆ ಕಂಪ್ಯೂಟರಿನಲ್ಲಿ, ಕಳಿಸಿದ್ದರೂ ಇನ್ನೂ ಯಾರೂ ತೆರೆದು ಓದದಿದ್ದ 162 ಈಮೇಲ್‌ಗಳಿದ್ದವು. ಕಂಪ್ಯೂಟರನ್ನೇ ಎತ್ತಿಕೊಂಡು ಹೋದರೆ ಆ ಪತ್ರಗಳನ್ನು ನಡುದಾರಿಯಲ್ಲಿ ಹಿಡಿದಂತಾಗುತ್ತದೆಯೇ? ಕಾನೂನಿನಲ್ಲಿ ಇದ್ದದ್ದು ಒಂದು ಪದ, ಇಂಟರ್‌ಸೆಪ್ಟ್. 1994ರಲ್ಲಿ ಮೇಲ್ಮನವಿ ನ್ಯಾಯಾಲಯ ಇಲ್ಲ ಎಂದಿತು. ಹೋಗುತ್ತಿರುವ ಪತ್ರ ಬೇರೆ, ಬಂದು ಕೂತಿರುವ ಪತ್ರ ಬೇರೆ, ಕಾನೂನು ಎರಡಕ್ಕೂ ಬೇರೆ ಬೇರೆ ಮಾತು ಬಳಸಿದೆ ಎಂದಿತು.

"ಒಂದು ಪದಕ್ಕೆ ಎರಡು ಅರ್ಥ ಬರೋದು ತಪ್ಪಲ್ಲ ಭಾವ" ಎಂದರು ಅವರು. "ನಮ್ಮ ಬಸವಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಸಪಿಂಡ ಅನ್ನೋ ಪದದಲ್ಲಿ ಪಿಂಡ ಅಂದ್ರೆ ದೇಹ, ಅಂದ್ರೆ ರಕ್ತಸಂಬಂಧ ಅಂದ. ಬಂಗಾಳದ ಜೀಮೂತವಾಹನ ಅದನ್ನೇ ಶ್ರಾದ್ಧದ ಪಿಂಡ ಅಂದ. ಆಸ್ತಿ ಯಾರಿಗೆ ಅನ್ನೋದು ಬಂಗಾಳದಲ್ಲಿ ಒಂದು ಥರ ಆಯ್ತು, ಮಿಕ್ಕ ಕಡೆ ಇನ್ನೊಂದು ಥರ ಆಯ್ತು. ಆದ್ರೆ ಇಬ್ಬರೂ ತಾವು ಹೇಳಿದ ಅರ್ಥವನ್ನ ಎಲ್ಲರಿಗೂ ಒಂದೇ ಸಮ ಹಚ್ಚಿದ್ರು. ಇವತ್ತು ಅವನಿಗೆ ದೇಹ, ನಾಳೆ ಇವನಿಗೆ ಶ್ರಾದ್ಧ ಅನ್ನಲಿಲ್ಲ."

ನಾನು ಉತ್ತರ ಕೊಡಲಿಲ್ಲ. ಮೂಲೆಯಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದ ಅಮ್ಮ ಈಗ ಬಾಯಿ ಬಿಟ್ಟರು. ಆರು ತಿಂಗಳಿಗೆಂದು ಬಂದಿದ್ದ ಅವರಿಗೆ ಅಷ್ಟರಲ್ಲಿ ಆಟದ ಅರ್ಧ ನಿಯಮ ಬಾಯಿಪಾಠವಾಗಿತ್ತು.

"ಅಲ್ಲಪ್ಪ, ಸೂರ್ಯ ಧರ್ಮರಾಯನಿಗೆ ಅಕ್ಷಯಪಾತ್ರೆ ಕೊಟ್ಟಾಗ ಒಂದು ಷರತ್ತು ಇತ್ತಲ್ಲ? ದ್ರೌಪದಿ ಊಟ ಮಾಡೋವರೆಗೂ ಪಾತ್ರೆ ತುಂಬ್ತಾನೇ ಇರತ್ತೆ. ಅವಳು ಉಂಡಳು ಅಂದ್ರೆ ಆವತ್ತಿಗೆ ಮುಗೀತು. ದೂರ್ವಾಸರು ಶಿಷ್ಯರ ಹಿಂಡು ಕಟ್ಟಿಕೊಂಡು ಬಂದಿದ್ದು ಅವಳು ಉಂಡ ಮೇಲೆ. ಕೃಷ್ಣ ಬಂದ. ಅವನು ದೇವರು, ಷರತ್ತು ಮುರೀಬಹುದಿತ್ತು. ಮುರಿದನಾ? ಪಾತ್ರೆ ತರಿಸಿ, ಅದರ ಅಂಚಲ್ಲಿ ಅಂಟಿಕೊಂಡಿದ್ದ ಒಂದು ಚೂರು ಸೊಪ್ಪು ತಿಂದ. ಅಲ್ಲಿ ನದೀಲಿ ಸ್ನಾನ ಮಾಡ್ತಿದ್ದ ಋಷಿಗಳಿಗೆಲ್ಲ ಹೊಟ್ಟೆ ತುಂಬಿತು. ಪಾತ್ರೆ ರೂಲು ಪಾತ್ರೆಗೇ ಇತ್ತು, ಕೆಲಸಾನೂ ಆಯ್ತು. ನೀನು ಕೃಷ್ಣನಿಗಿಂತ ದೊಡ್ಡೋನೇನೋ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹಾಸಿಗೆಯಲ್ಲಿ ನಿದ್ದೆ ಬರಲಿಲ್ಲ. ಸೂರ್ಯ ಕೊಟ್ಟದ್ದು, ದಿನಕ್ಕೊಮ್ಮೆ ಮುಗಿಯುವುದು, ಮಾರನೆಯ ದಿನ ಮತ್ತೆ ತುಂಬುವುದು... ಬೆಂಕಿಯ ದಂಡದ ನಿಯಮ ಓದಿದಾಗ ಇದ್ಯಾವುದೂ ನನಗೆ ಹೊಳೆದಿರಲಿಲ್ಲ. ಅಮ್ಮನಿಗೆ ಹೊಳೆದಿತ್ತು.

ನಮ್ಮ ಡಲ್ಲಾಸಿಗೆ ಸಂಬಂಧಪಟ್ಟ ಇನ್ನೊಂದು ಕಥೆಯೂ ಅವತ್ತು ನೆನಪಾಯಿತು. ಡೂಮ್ ಆಟ ಮಾಡಿದ ಇಡ್ ಸಾಫ್ಟ್‌ವೇರ್ ಕಂಪನಿಯ ಹುಡುಗರು 1992ರಲ್ಲಿ ಇಲ್ಲೇ ಪಕ್ಕದ ಮೆಸ್ಕೀಟ್‌ಗೆ ಬಂದರು. ಕೆಲಸದ ನಡುವೆ ಅವರೂ ಡಿ ಅಂಡ್ ಡಿ ಆಡುತ್ತಿದ್ದರು. ಡಂಜನ್ ಮಾಸ್ಟರ್ ಜಾನ್ ಕಾರ್ಮ್ಯಾಕ್, ಆ ಲೋಕವನ್ನೆಲ್ಲ ಸ್ವತಃ ಕಟ್ಟಿದವನು. ಡೇವಿಡ್ ಕುಶ್ನರ್ 2003ರ ತಮ್ಮ ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ಒಂದು ಸಲ ಆಟದಲ್ಲಿ ಜಾನ್ ರೊಮೆರೊಗೆ ಡೈಕಟಾನಾ ಎಂಬ ಮಾಯಾಖಡ್ಗದ ಮೇಲೆ ಆಸೆಯಾಯಿತು. ಅದಕ್ಕಾಗಿ ತಮ್ಮ ಹತ್ತಿರವಿದ್ದ ಒಂದು ಮಾಂತ್ರಿಕ ಪುಸ್ತಕವನ್ನು ರಾಕ್ಷಸರಿಗೆ ಕೊಟ್ಟುಬಿಟ್ಟರು. ಪುಸ್ತಕ ಸಿಕ್ಕಿದ ರಾಕ್ಷಸರು ಇಡೀ ಲೋಕವನ್ನು ನುಂಗಿದರು, ಆಟ ಅಲ್ಲಿಗೆ ಮುಗಿಯಿತು. ಕಾರ್ಮ್ಯಾಕ್ ಮನಸ್ಸು ಮಾಡಿದ್ದರೆ ಏನೋ ಒಂದು ನೆಪ ಹೇಳಿ ತನ್ನ ಲೋಕ ಉಳಿಸಿಕೊಳ್ಳಬಹುದಿತ್ತು. ಉಳಿಸಿಕೊಳ್ಳಲಿಲ್ಲ. ಪುಸ್ತಕ ಎಂಥದ್ದೆಂದು ಮೊದಲೇ ತಿಳಿದಿತ್ತು, ಕೊಟ್ಟರೆ ಆಗಬೇಕಾದದ್ದೇ ಆಯಿತು. 1993ರಲ್ಲಿ ಬಂದ ಡೂಮ್‌ನಲ್ಲೂ ಮುಗಿಬೀಳುವವರು ರಾಕ್ಷಸರೇ.

ಅವನು ಒಂದು ಲೋಕವನ್ನೇ ಬಿಟ್ಟುಕೊಟ್ಟ. ನಾನು ಒಂದು ದ್ವೀಪ ಬಿಡಲಾರದೆ ಹೋದೆ.

ಇನ್ನೂ ಸರಿಯಾಗಿ ಹೇಳಬೇಕೆಂದರೆ, ಮಗ ಕೇಳಿದಾಗ ನಾನು ನಿಯಮವನ್ನು ಓದಲೇ ಇಲ್ಲ. ಉತ್ತರ ಮೊದಲು ತೀರ್ಮಾನವಾಗಿತ್ತು, ಅರ್ಥವನ್ನು ಆಮೇಲೆ ಹುಡುಕಿಕೊಂಡೆ. ಆಫೀಸಿನಲ್ಲಿ ಟೆಸ್ಟಿಂಗ್‌ನವರು ತಪ್ಪು ತೋರಿಸಿದಾಗ "ಅದು ಬಗ್ ಅಲ್ಲ, ಫೀಚರ್" ಎನ್ನುತ್ತೇವಲ್ಲ, ಅದೇ ಚಾಳಿ. ಗಾಡಿಯ ದಿನ ನಿಯಮಕ್ಕೆ ಒಂದು ಅರ್ಥ ಹೇಳಿದ್ದೆ, ಅದು ನನ್ನ ಕಥೆಗೆ ಅಡ್ಡ ಬಂದಿರಲಿಲ್ಲ. ಹಡಗಿನ ದಿನ ಅಡ್ಡ ಬಂತು, ಅರ್ಥ ತಿರುಗಿತು. ಅದರ ಮೇಲೆ, ಎದುರಿಗಿದ್ದವನು ನನ್ನ ಸ್ವಂತ ಮಗ. ಬೇರೆಯವರ ಮಗುವಾಗಿದ್ದರೆ ಪುಸ್ತಕ ತೆಗೆದು ಓದುತ್ತಿದ್ದೆ, ಸಮಾಧಾನವಾಗಿ ಕಾರಣ ಹೇಳುತ್ತಿದ್ದೆ. ನಮ್ಮ ಮಕ್ಕಳಾದರೆ ತಡೆದುಕೊಳ್ಳುತ್ತಾರೆ ಎಂದು ನಾವು ಅಂದುಕೊಂಡುಬಿಡುತ್ತೇವೆ. ಅವನು ಮೆಟ್ಟಿಲು ಹತ್ತುವಾಗ ಹೇಳಿದ ಮಾತು ಬರೀ ಕೋಲಿನ ಬಗ್ಗೆ ಆಗಿರಲಿಲ್ಲ.

ಬೆಳಿಗ್ಗೆ ದೋಸೆ ತಿನ್ನುವಾಗ ಐದೂ ಮಕ್ಕಳ ಮುಂದೆ ಹೇಳಿದೆ. "ನಿನ್ನೆ ನಾನು ತಪ್ಪು ಮಾಡಿದೆ. ಕೋಲು ಯಾವುದಕ್ಕೆ ಹೋಲಿಸಿ ಸ್ಥಿರ ಅಂತ ಪುಸ್ತಕದಲ್ಲಿ ಇಲ್ಲ. ಯುಗಾದಿಗೆ ನಾವು ನೆಲ ಅಂತ ತೀರ್ಮಾನ ಮಾಡಿದ್ವಿ. ದ್ವೀಪಕ್ಕೆ ಹೋಗೋ ಆಸೆಗೆ ನಾನು ಅದನ್ನ ಬದಲಾಯಿಸಿದೆ. ಇನ್ನು ಮೇಲೆ ನೆಲವೇ. ಎಲ್ಲರಿಗೂ." ಮಗ ತಟ್ಟೆ ನೋಡುತ್ತಲೇ ಕೇಳಿದ, "ಹಾಗಾದ್ರೆ ಹಡಗು?" "ನೀನು ಗುಂಡಿ ಒತ್ತಿದ್ದೀಯ. ಅಲ್ಲಿಂದಲೇ ಶುರು ಮಾಡೋಣ."

ಆಗ ನಡೆದದ್ದು ನೋಡಿ. ಹ್ಯೂಸ್ಟನ್ ಹುಡುಗಿ, ಮಿಡ್ಲ್ ಸ್ಕೂಲಿನ ಸೈನ್ಸ್ ಕ್ಲಬ್ಬಿನವಳು, ಒಂದು ಹಾಳೆ ತೆಗೆದುಕೊಂಡಳು. ಪುಸ್ತಕದಲ್ಲಿ ಹಾಯಿಹಡಗಿನ ವೇಗ ಗಂಟೆಗೆ 2 ಮೈಲಿ. ತೂಕವನ್ನು 100 ಟನ್ ಎಂದು ಇಟ್ಟುಕೊಂಡೆವು. ಕೂವೆಮರ ಕೋಲಿಗೆ ಬಡಿದು, ಮರವೂ ಹಗ್ಗವೂ ಬಗ್ಗಿ, ಹಡಗು ಒಂದು ಅಡಿಯೊಳಗೆ ನಿಲ್ಲಬೇಕಾದರೆ ಎಷ್ಟು ಬಲ ಬೇಕು? ಅವಳಪ್ಪ ಸೂತ್ರ ಹೇಳಿದ, ಅವಳು ಗುಣಿಸಿದಳು: ಸುಮಾರು 30 ಸಾವಿರ ಪೌಂಡ್. ಕೋಲು ತಡೆಯುವುದು 8 ಸಾವಿರ!

ಮೇಜಿನ ಸುತ್ತ ಮೌನ. ಮಗ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಎರಡು ಸಲ ನೋಡಿದ. ಆಮೇಲೆ ತಾನೇ ಹೇಳಿದ: "ಕೋಲು ಬಿದ್ದುಹೋಗತ್ತೆ. ಹಡಗು ಒಂದು ಸಲ ಜಗ್ಗಿ ಮುಂದೆ ಹೋಗತ್ತೆ." ಕಡಲ್ಗಳ್ಳರು ನಾಲ್ವರು ಉರುಳಿದರು, ಇವರ ವೇಷ ಬಯಲಾಯಿತು, ಐವರೂ ಕೈಕಟ್ಟಿಸಿಕೊಂಡು ಹಡಗಿನ ತಳ ಸೇರಿದರು. ಅವನು ಯಾವ ನಿಯಮಕ್ಕಾಗಿ ರಾತ್ರಿ ಊಟ ಬಿಟ್ಟನೋ ಅದೇ ನಿಯಮದಿಂದ ಸೋತ. ಆದರೆ ಮುಖದಲ್ಲಿ ಕೋಪವೇ ಇರಲಿಲ್ಲ. "ಮುಂದಿನ ಸಲ ಹಗ್ಗ ಉದ್ದ ಕಟ್ಟಬೇಕು, ನಿಧಾನಕ್ಕೆ ಎಳೀಬೇಕು" ಎಂದು ಗೆಳತಿಯ ಜೊತೆ ಲೆಕ್ಕ ಹಾಕತೊಡಗಿದ. ನನ್ನ ದ್ವೀಪವೂ ಉಳಿಯಿತು ಎನ್ನುವುದು ಬೇರೆ ಮಾತು. ಹಿಂದಿನ ದಿನವೇ ನಾನು ನಿಯಮವನ್ನು ನೆಟ್ಟಗೆ ಓದಿದ್ದರೆ ಹಡಗು ತಾನಾಗಿಯೇ ದ್ವೀಪಕ್ಕೆ ಹೋಗುತ್ತಿತ್ತು! ಓದಬೇಕಿದ್ದ 8,000 ಎನ್ನುವ ಅಂಕಿ ಅಲ್ಲೇ ಕಣ್ಣೆದುರಿಗೆ ಅಚ್ಚಾಗಿತ್ತು.

ಅವತ್ತು ಮಧ್ಯಾಹ್ನ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದೆವು. ನಮ್ಮ ಪದ್ಧತಿ ಈಗ ಇಷ್ಟು. ಅನುಮಾನ ಬಂದರೆ ವಸ್ತುವಿನ ವಿವರಣೆಯನ್ನು ಮೊದಲಿಂದ ಕೊನೆಯವರೆಗೂ ಗಟ್ಟಿಯಾಗಿ ಓದಬೇಕು, ಬೇಕಾದ ಸಾಲನ್ನು ಮಾತ್ರ ಅಲ್ಲ. ಪುಸ್ತಕ ಹೇಳಿಲ್ಲವಾದರೆ ಹೇಳಿಲ್ಲ ಎಂದು ಒಪ್ಪಿಕೊಳ್ಳಬೇಕು, ಇದೆ ಎಂದು ನಟಿಸಬಾರದು. ಆಗ ಡಂಜನ್ ಮಾಸ್ಟರ್ ಒಂದು ಅರ್ಥ ಹೇಳುತ್ತಾನೆ, ದಾಳ ಉರುಳುವುದಕ್ಕೆ ಮೊದಲು. ಅದು ತಾರೀಖಿನ ಸಮೇತ ನೋಟ್‌ಬುಕ್ಕಿಗೆ ಹೋಗುತ್ತದೆ. ಬದಲಾಯಿಸಬೇಕೆಂದರೆ ಆಟ ಇಲ್ಲದ ಹೊತ್ತಿನಲ್ಲಿ, ಎಲ್ಲರೂ ಕೂತು. ಕೊನೆಯದು ನನಗೇ ಹಾಕಿಕೊಂಡದ್ದು: ಪ್ರಶ್ನೆ ನನ್ನ ಮಗನದಾದರೆ, ತೀರ್ಪು ಹೇಳುವ ಮೊದಲು "ಇದನ್ನೇ ಹ್ಯೂಸ್ಟನ್ ಹುಡುಗಿ ಕೇಳಿದ್ದರೆ ಏನು ಹೇಳುತ್ತಿದ್ದೆ?" ಎಂದು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು.

ಹ್ಯೂಸ್ಟನ್ ಎಂದಾಗ ರಿಚರ್ಡ್ ಗ್ಯಾರಿಯಟ್ ಹೆಸರು ಹೇಳದೆ ಮುಗಿಸಬಾರದು. ಅಲ್ಲಿನ ಬಾಹ್ಯಾಕಾಶ ಕೇಂದ್ರದ ಗಗನಯಾತ್ರಿ ಓವನ್ ಗ್ಯಾರಿಯಟ್ ಅವರ ಮಗ. 1970ರ ದಶಕದಲ್ಲಿ ಹೈಸ್ಕೂಲಿನಲ್ಲಿದ್ದಾಗಲೇ ಡಿ ಅಂಡ್ ಡಿಯಂಥ ಆಟಗಳನ್ನು ಕಂಪ್ಯೂಟರಿಗೆ ಬರೆಯತೊಡಗಿ, 1981ರಲ್ಲಿ ಅಲ್ಟಿಮಾ ಹೊರತಂದವರು. ಪ್ರೋಗ್ರಾಂ ಬರೆಯುವವನಿಗೆ ಒಂದು ವಿಷಯ ಬೇಗ ತಿಳಿಯುತ್ತದೆ. ಕಂಪ್ಯೂಟರು ಗಾಡಿಗೊಂದು, ಹಡಗಿಗೊಂದು ಎನ್ನುವುದಿಲ್ಲ. ಬರೆದದ್ದನ್ನು ಎಲ್ಲರಿಗೂ ಒಂದೇ ಸಮ ನಡೆಸುತ್ತದೆ, ಬರೆಯದೇ ಇದ್ದದ್ದಕ್ಕೆ ಮುಗ್ಗರಿಸುತ್ತದೆ. ಮೇಜಿನ ಸುತ್ತ ಕೂತಾಗ ಆ ಮೌನವನ್ನು ತುಂಬುವವನು ಮನುಷ್ಯ. ಆಟದ ಸೊಗಸೂ ಅಲ್ಲೇ, ಅಪಾಯವೂ ಅಲ್ಲೇ.

ನಿಮ್ಮ ಮನೆಯಲ್ಲೂ ಶುರು ಮಾಡಬೇಕೆಂದರೆ ಖರ್ಚೇನಿಲ್ಲ. ಮೂಲ ನಿಯಮಗಳ ಒಂದು ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಮಾಯಾಚೀಲವೂ ಅಲುಗಾಡದ ಕೋಲೂ ಅದರಲ್ಲೇ ಇವೆ. ಒಂದು ಸೆಟ್ ದಾಳ, ಒಂದು ನೋಟ್‌ಬುಕ್, ನಾಲ್ಕು ಮಕ್ಕಳು ಇದ್ದರೆ ಸಾಕು. ಜಗಳದ ಭಯವಿದ್ದರೆ ಮೊದಲು ಮಂಚ್‌ಕಿನ್ ಆಡಿ. ಅದರ ನಿಯಮದಲ್ಲಿ ಅವರೇ ಬರೆದಿದ್ದಾರೆ, ತಕರಾರು ಬಂದರೆ ಜೋರಾಗಿ ವಾದ ಮಾಡಿ, ಕೊನೆಯ ಮಾತು ಆಟದ ಯಜಮಾನನದು ಎಂದು. ನಮ್ಮ ಸಂಘದ ಮೀಟಿಂಗುಗಳಿಗೂ ಒಳ್ಳೆಯ ತಾಲೀಮು ಎನ್ನಬಹುದು!

ಈ ಯುಗಾದಿಗೆ ಆಸ್ಟಿನ್‌ನಲ್ಲಿ ಸೇರುತ್ತಿದ್ದೇವೆ. ಅಮ್ಮ ಊರಿಗೆ ಹೋಗಿಯಾಗಿದೆ, ಮೊನ್ನೆ ವಾಟ್ಸಾಪ್‌ನಲ್ಲಿ ಮೊಮ್ಮಗನನ್ನು ಕೇಳುತ್ತಿದ್ದರು: "ಏನಾಯ್ತೋ ಪುಟ್ಟ, ಹಡಗಿನ ತಳದಿಂದ ಹೊರಗೆ ಬಂದ್ರಾ ಇಲ್ವಾ?" ಅವನು ನೋಟ್‌ಬುಕ್ ತಂದು ಕ್ಯಾಮೆರಾ ಮುಂದೆ ಹಿಡಿದು ಅಜ್ಜಿಗೆ ಮೊದಲ ಪುಟ ತೋರಿಸಿದ. ಅದರಲ್ಲಿ ಅವನ ಸೊಟ್ಟಪಟ್ಟ ಕನ್ನಡ ಅಕ್ಷರದಲ್ಲಿ, ಆ ದಿನದ ತಾರೀಖಿನ ಕೆಳಗೆ, ಒಂದೇ ಸಾಲು ಇದೆ: ಕೋಲು ನೆಲಕ್ಕೆ, ಎಲ್ಲರಿಗೂ.

ಇಂತಿ ನಿಮ್ಮವ,
ಡಲ್ಲಾಸಿನಿಂದ ಒಬ್ಬ ಡಂಜನ್ ಮಾಸ್ಟರ್ ಅಪ್ಪ